ಅಂಗೈ ಇಟ್ಟು ಕೇಳುವ ಮಾತು

ನನ್ನ ಗಂಡನ ಮೈಮೇಲೆ ಗುಳ್ಳೆ ಕಂಡ ಕೂಡಲೇ ನಾನು ಕೈಯಲ್ಲಿದ್ದ ತಾಟನ್ನು ಅವನತ್ತ ಒಗೆದೆ. ತಾಟು ಖಾಲಿ ಇತ್ತು, ಅದು ಅವನ ಪುಣ್ಯ. ಅವನು ಗಾದಿ ಹೊಲಿಯುವವನು. ಬಂದರಿನ ಊರಿನಲ್ಲಿ ಯಾವುದೋ ವಸತಿಗೃಹದ ಹಳೆ ಗಾದಿಗಳನ್ನೆಲ್ಲ ಬಿಚ್ಚಿ, ಅರಳೆ ಹಿಂಜಿ, ಮತ್ತೆ ತುಂಬಿಕೊಡುವ ಕೆಲಸ ಸಿಕ್ಕಿತೆಂದು ಹೋದವನು ಬಹಳ ದಿನಗಳ ಮೇಲೆ ಮನೆಗೆ ಬಂದಿದ್ದ. ಬಂದು ನಾಲ್ಕು ದಿನ ಚೆನ್ನಾಗಿಯೇ ಇದ್ದ. ಆಮೇಲೆ ತಲೆನೋವು, ಸೊಂಟನೋವು ಎಂದು ಮಲಗಿದ. ಜ್ವರ ಏರಿತು. ಪಾಪ, ಪ್ರಯಾಣದ ದಣಿವು ಎಂದುಕೊಂಡು ನಾನು ಮೆಂತೆ ಗಂಜಿ ಮಾಡಿ ಕುಡಿಸಿದೆ. ಬೆವರಿದ ಅಂಗಿ ಬದಲಿಸಲು ಹೋದಾಗ ನೋಡಿದರೆ ಎದೆ, ಕುತ್ತಿಗೆ, ಮೊಣಕೈ ಎಲ್ಲ ಕಡೆ ಗುಳ್ಳೆಗಳು.

ಬೇರೆ ಊರಿನವರಿಗೆ ನನ್ನ ಸಿಟ್ಟು ತಿಳಿಯಲಿಕ್ಕಿಲ್ಲ. ನಮ್ಮೂರಿನಲ್ಲಿ ಸುಳ್ಳು ಹೇಳಿದರೆ ಮೈಮೇಲೆ ಗುಳ್ಳೆ ಏಳುತ್ತದೆ. ಯಾಕೆ ಎಂದು ನನ್ನನ್ನು ಕೇಳಬೇಡಿ. ಸಣ್ಣ ಸುಳ್ಳಿಗೆ ಸಾಸಿವೆಯಷ್ಟು, ಸ್ವಲ್ಪ ದೊಡ್ಡದಕ್ಕೆ ಕಡಲೆಯಷ್ಟು. ನಮ್ಮ ಸಂತೆಯಲ್ಲಿ ವ್ಯಾಪಾರಿಗಳು ಸುಡುವ ಬಿಸಿಲಲ್ಲೂ ತುಂಬುತೋಳಿನ ಅಂಗಿ ತೊಟ್ಟು, ಕೊರಳಿಗೆ ಟವೆಲ್ ಸುತ್ತಿಕೊಂಡು ಕೂತಿರುತ್ತಾರೆ. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರು ಚಹಾ ಮುಟ್ಟುವ ಮೊದಲು ತೋಳು ಏರಿಸಿ ತೋರಿಸಬೇಕು. ನಾನು ಬಳೆ ಮಾರುವವಳು. ಊರಿನ ಎಲ್ಲ ಹೆಂಗಸರ ಕೈ ಹಿಡಿದು ಬಳೆ ಏರಿಸಿದ್ದೇನೆ. ಯಾರ ಮುಂಗೈ ಮೇಲೆ ಏನೇನು ಎದ್ದಿದೆ ಎಂದು ನನಗೆ ಗೊತ್ತು, ನಾನು ಯಾರ ಮುಂದೂ ಬಾಯಿ ಬಿಡುವುದಿಲ್ಲ. “ಈ ಬಣ್ಣ ನಿಮಗ ಭಾಳ ಒಪ್ಪತೈತಿ” ಎಂದು ಹೇಳಿ ಹೇಳಿ ನನ್ನ ಕೈಮೇಲೂ ಸಾಸಿವೆ ಗಾತ್ರದ್ದು ಒಂದೆರಡು ಯಾವಾಗಲೂ ಇರುತ್ತವೆ.

ಗುಳ್ಳೆ ಇಳಿಯಬೇಕೆಂದರೆ ಯಾರಿಗೆ ಸುಳ್ಳು ಹೇಳಿದೆವೋ ಅವರೇ ಬಂದು ಅದರ ಮೇಲೆ ಅಂಗೈ ಇಡಬೇಕು. ಅವರು ಅಂಗೈ ಇಟ್ಟಿರುವಾಗಲೇ ನಾವು ನಿಜ ಹೇಳಬೇಕು. ಆಗ ಅದು ಅಂಗೈ ಕೆಳಗೇ ಇಳಿದುಹೋಗುತ್ತದೆ. ಅಣ್ಣತಮ್ಮಂದಿರ ಜಗಳ, ಅತ್ತೆ ಸೊಸೆಯರ ಮುನಿಸು ಎಲ್ಲ ನಮ್ಮಲ್ಲಿ ಮುಗಿಯುವುದು ಹೀಗೇ. ಅಂಗೈ ಇಡಲು ಒಲ್ಲೆ ಎಂದರೆ ಸಂಬಂಧ ಬೇಡ ಎಂದ ಹಾಗೆ. ಸಣ್ಣ ಸುಳ್ಳು ಹೇಳಿದ ಕ್ಷಣವೇ ಏಳುತ್ತದೆ, ದೊಡ್ಡ ಸುಳ್ಳು ಮಾತ್ರ ಒಳಗೇ ಬಲಿತು, ಜ್ವರ ತಂದು, ಒಟ್ಟಿಗೆ ಎದ್ದು ಬರುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಅಂಥದ್ದನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ನಾನೇ ಮೊದಲು ಕಂಡೆ ಎಂದುಕೊಂಡೆ, ಅದೂ ನನ್ನ ಮನೆಯಲ್ಲಿ, ನನ್ನ ಹಾಸಿಗೆಯಲ್ಲಿ.

ತಾಟು ಒಗೆದ ಮೇಲೆ ನಾನು ಅವನ ಪಕ್ಕ ಕೂತು ಎದೆಯ ಮೇಲಿನ ದೊಡ್ಡ ಗುಳ್ಳೆಗೆ ಅಂಗೈ ಒತ್ತಿದೆ.

“ಏನ ಮುಚ್ಚಿಟ್ಟೀರಿ, ಹೇಳ್ರಿ.”

“ಏನೂ ಇಲ್ಲ ನಿಂಬೀ,” ಎಂದ. ನನ್ನ ಹೆಸರು ನಿಂಬೆವ್ವ. ಅವನ ಹೆಸರು ಫಕೀರಪ್ಪ, ನಾನು ಕರೆಯುವುದಿಲ್ಲ. “ನಾ ನಿನ್ನ ಮುಂದ ಯಾವ ಸುಳ್ಳೂ ಹೇಳಿಲ್ಲ.”

“ಹಂಗಾರ ಇವೇನು? ಮುತ್ತಿನ ಹಾರೇನು?”

“ನನಗ ಗೊತ್ತಿಲ್ಲ. ಒತ್ತಬ್ಯಾಡ, ಭಾಳ ನೋಯ್ತಾವು.”

ನಾನು ಅಂಗೈ ಎತ್ತಿ ನೋಡಿದೆ. ಗುಳ್ಳೆ ಇದ್ದ ಹಾಗೇ ಇತ್ತು. ಇನ್ನೊಂದರ ಮೇಲೆ ಇಟ್ಟೆ, ಮತ್ತೊಂದರ ಮೇಲೆ ಇಟ್ಟೆ. ಒಂದೂ ಇಳಿಯಲಿಲ್ಲ. ಬೆಳಗಾಗುವಷ್ಟರಲ್ಲಿ ಮುಖದ ಮೇಲೂ ಎದ್ದಿದ್ದವು. ಸುಳ್ಳಿನ ಗುಳ್ಳೆ ನೋಯುವುದಿಲ್ಲ, ಕಚಗುಳಿ ಇಟ್ಟ ಹಾಗಾಗುತ್ತದೆ ಅಷ್ಟೇ. ಇದೇಕೆ ನೋಯುತ್ತದೆ ಎಂದು ನನಗೆ ಒಂದು ಗಳಿಗೆ ಹೊಳೆದದ್ದು ನಿಜ. ಆದರೆ ಸುಳ್ಳು ಎಷ್ಟು ದೊಡ್ಡದೋ ನೋವು ಅಷ್ಟು ದೊಡ್ಡದಿರಬೇಕು ಎಂದು ನನ್ನ ಮನಸ್ಸೇ ನನಗೆ ಉತ್ತರ ಕೊಟ್ಟಿತು. ಸಿಟ್ಟಿನಲ್ಲಿರುವ ಹೆಂಗಸಿಗೆ ಉತ್ತರಗಳಿಗೇನು ಬರವೇ!

ಪಕ್ಕದ ಮನೆಯ ಗಂಗಮಾಳವ್ವ ಮೊಸರು ಕೇಳುವ ನೆಪದಲ್ಲಿ ಬಂದು ಬಾಗಿಲಲ್ಲೇ ನಿಂತು ಇಣುಕಿದಳು. ನನ್ನ ಅವ್ವನ ವಯಸ್ಸಿನವಳು, ಇನ್ನೊಬ್ಬರ ಮನೆಯ ಸುದ್ದಿ ಇಲ್ಲದೆ ಆಕೆಗೆ ಉಂಡದ್ದು ಕರಗುವುದಿಲ್ಲ.

“ಯವ್ವಾ ನಿಂಬವ್ವಾ! ಇಷ್ಟಕೊಂದಾ? ನನ್ನ ಗಂಡ ಸಾಯೂತನಾ ಸುಳ್ಳ ಹೇಳಿದ, ಅವಗೂ ಇಷ್ಟ ಎದ್ದಿದ್ದಿಲ್ಲ ನೋಡವಾ. ಇದು ಹೆಣ್ಣಿನ ವಿಷಯನ ಇರಬೇಕು.”

“ಮೊಸರಿಲ್ಲ, ಹೋಗು,” ಎಂದೆ. ಮೊಸರು ಇತ್ತು. ಮುಂಗೈ ಮೇಲೆ ಸಾಸಿವೆಯಷ್ಟು ಎದ್ದಿತು. ಆಕೆ ಅದನ್ನು ನೋಡಿ ನಕ್ಕು ಹೋದಳು, ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

ಅದೇ ಹೊತ್ತಿಗೆ ನಮ್ಮೂರ ಸರಕಾರಿ ದವಾಖಾನೆಗೆ ಹೊಸ ನರ್ಸು ಬಂದಿದ್ದರು, ರೋಸಲಿನ್ ಸಿಸ್ಟರ್. ದಕ್ಷಿಣದ ಕಡೆಯವರು. ನಮ್ಮೂರ ಗುಳ್ಳೆಗಳ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ನೆಲದ ಮೇಲೆ ನಡೆಯುತ್ತೇವೆ ಎಂದು ಬಂದವರಿಗೆಲ್ಲ ಯಾರಾದರೂ ಹೇಳುತ್ತಾರೆಯೇ? ಬಂದರಿನ ಕಡೆ ಎಂಪಾಕ್ಸ್ ಎಂಬ ರೋಗ ಕಾಣಿಸಿದೆ, ಜನರಿಗೆ ತಿಳಿವಳಿಕೆ ಕೊಡಿ ಎಂದು ಮೇಲಿನಿಂದ ಅವರಿಗೆ ಆದೇಶ ಬಂದಿತ್ತಂತೆ. ಬಸ್ ನಿಲ್ದಾಣದ ಗೋಡೆಗೆ ಬಣ್ಣದ ದೊಡ್ಡ ಚಿತ್ರ ಅಂಟಿಸಿದರು. ಮೈತುಂಬ ಗುಳ್ಳೆ ಎದ್ದ ಒಬ್ಬ ಮನುಷ್ಯ, ಅವನ ಅಂಗೈ, ಅಂಗಾಲು, ಎಲ್ಲ ಹತ್ತಿರದಿಂದ ತೆಗೆದ ಚಿತ್ರಗಳು. ಕೆಳಗೆ ದೊಡ್ಡ ಅಕ್ಷರದಲ್ಲಿ ಏನೇನೋ ಬರೆದಿತ್ತು. ಯಾರು ಓದುತ್ತಾರೆ? ಚಿತ್ರದ ಮುಂದೆ ಜಾತ್ರೆಯಂತೆ ಜನ ಸೇರಿದರು.

“ಯಪ್ಪಾ, ಏನ ಸುಳ್ಳ ಹೇಳ್ಯಾನೋ ಪುಣ್ಯಾತ್ಮ!”

“ಮಂತ್ರಿ ಇರಬೇಕ ತಗೋ.”

“ಮಂತ್ರಿಗೂ ಅಂಗಾಲಿನ್ಯಾಗ ಏಳೂದಿಲ್ಲೋ ಮಾರಾಯಾ.”

ತಾಯಂದಿರು ಮಕ್ಕಳನ್ನು ಎಳೆದು ತಂದು ಆ ಚಿತ್ರದ ಮುಂದೆ ನಿಲ್ಲಿಸಿ, “ನೋಡು, ಸುಳ್ಳ ಹೇಳಿದ್ರ ಹಿಂಗಾಕ್ಕೈತಿ” ಎಂದು ಕಿವಿ ಹಿಂಡಿ ಕಳಿಸಿದರು. ಆ ವಾರ ನಮ್ಮೂರ ಮಕ್ಕಳು ಹಾಲು ಕುಡಿದೆವು ಎಂದು ಸುಳ್ಳು ಹೇಳುವುದನ್ನೂ ಬಿಟ್ಟಿದ್ದರು. ಸಿಸ್ಟರ್ ತಮ್ಮ ಪ್ರಚಾರ ಭಾಳ ಚೊಲೋ ನಡೆದಿದೆ ಎಂದು ಸಂತೋಷಪಟ್ಟರು.

ಸಂತೋಷ ಸಂತೆಯ ದಿನದವರೆಗೆ ಮಾತ್ರ ಇತ್ತು. ಅವತ್ತು ಅವರು ತರಕಾರಿ ಕೊಳ್ಳಲು ಸಂತೆಗೆ ಹೋದರು. ಯಾರೋ ಒಬ್ಬ ವ್ಯಾಪಾರಿ ಬೆವರು ಒರೆಸಿಕೊಳ್ಳಲು ಕೊರಳ ಟವೆಲ್ ತೆಗೆದಿದ್ದ. ಅವನ ಕೊರಳು ನೋಡಿ ಸಿಸ್ಟರ್ ಎದೆ ಹಿಡಿದುಕೊಂಡರಂತೆ. ಪಕ್ಕದವನ ತೋಳು ಏರಿಸಿ ನೋಡಿದರು, ಅವನ ಪಕ್ಕದವನದನ್ನು ನೋಡಿದರು. ಮಧ್ಯಾಹ್ನದೊಳಗೆ ಅರ್ಧ ಸಂತೆಯನ್ನು ಎಬ್ಬಿಸಿ ಸಾಲೆಯ ಕೋಣೆಗಳಲ್ಲಿ ಬೇರೆ ಬೇರೆ ಕೂರಿಸಿದರು. ಇವು ವ್ಯಾಪಾರದ ಸುಳ್ಳುಗಳು ಎಂದು ಗಿರಾಕಿಗಳ ಎದುರು ಹೇಳಲು ಯಾರಿಗೆ ಮುಖವಿದೆ? “ಹೌದ್ರಿ, ಜ್ವರಾ ಬಂದಾವ್ರಿ” ಎಂದು ಎಲ್ಲರೂ ಒಪ್ಪಿಕೊಂಡರು, ಒಪ್ಪಿಕೊಂಡ ಸುಳ್ಳಿಗೆ ಮತ್ತೊಂದು ಎದ್ದಿತು. ಅರಿವೆ ಅಂಗಡಿಯ ಶೆಟ್ಟರು ಮಾತ್ರ ಗಟ್ಟಿಯಾಗಿ, “ನಾ ಹುಟ್ಟಿದಾಗಿಂದ ಒಂದೂ ಸುಳ್ಳ ಹೇಳಿಲ್ರಿ ಸಿಸ್ಟರ್” ಎಂದರಂತೆ. ಹೇಳುತ್ತಿದ್ದಂತೆಯೇ ಅವರ ಗದ್ದದ ಮೇಲೆ ಗೋಡಂಬಿ ಗಾತ್ರದ್ದು ಎದ್ದಿತಂತೆ. ಸಿಸ್ಟರ್ ಕನ್ನಡಕ ತೆಗೆದು, ಸೀರೆಯ ಸೆರಗಿಗೆ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರಂತೆ.

ಮರುದಿನದಿಂದ ಮೈಕು ಕಟ್ಟಿದ ಆಟೋ ಓಣಿ ಓಣಿ ತಿರುಗತೊಡಗಿತು. ಸಿಸ್ಟರ್ ತಾವೇ ಒಳಗೆ ಕೂತು ಹೇಳುತ್ತಿದ್ದರು. ಮೊದಲು ಜ್ವರ, ತಲೆನೋವು, ಮೈಕೈ ನೋವು ಬರುತ್ತದೆ. ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಗಂಟು ಕಟ್ಟುತ್ತದೆ. ಆಮೇಲೆ ಗುಳ್ಳೆ ಏಳುತ್ತವೆ. ಗುಳ್ಳೆ ಎದ್ದವರನ್ನು ಬರಿಗೈಯಲ್ಲಿ ಮುಟ್ಟಬೇಡಿ. ಅವರ ಹಾಸಿಗೆ, ಹೊದಿಕೆ, ಟವೆಲ್ ಬಳಸಬೇಡಿ. ಸಾಬೂನು ಹಚ್ಚಿ ಕೈ ತೊಳೆಯಿರಿ. ಹೆದರಬೇಡಿ, ಬಹಳಷ್ಟು ಜನರಿಗೆ ತಾನಾಗಿಯೇ ವಾಸಿಯಾಗುತ್ತದೆ, ಆದರೆ ಎಳೆಮಕ್ಕಳು, ಬಸುರಿಯರು ಜೋಪಾನ.

ಆಟೋ ನಮ್ಮ ಮನೆಯ ಮುಂದೆ ಹೋಗುವಾಗ ನಾನು ಎಂದಿನಂತೆ ಅವನ ಬೆನ್ನಿನ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದೆ. ಅವನು ಜ್ವರದಲ್ಲೇ ಕಿವಿಗೊಟ್ಟು ಪೂರ್ತಿ ಕೇಳಿದ. ಆಮೇಲೆ ಮೈ ಸರಿಸಿಕೊಂಡ.

“ಕೈ ತಗಿ ನಿಂಬೀ. ಆಕಿ ಹೇಳೂದು ಕೇಳಿದಿಲ್ಲ?”

“ಕೇಳಿದೆ. ನಿಮಗ ಛಲೋ ನೆಪ ಸಿಕ್ಕಿತು.”

“ನೆಪ ಅಲ್ಲ. ನನಗ ಗಂಟ ಕಟ್ಯಾವ, ಅಂಗೈಯಾಗೂ ಎದ್ದಾವ ನೋಡು. ಇದು ಆಕಿ ಹೇಳೂ ಬ್ಯಾನಿನ. ನಿನಗೂ ಬರತೈತಿ, ಕೈ ತಗಿ.”

“ನಿಜಾ ಹೇಳೂತನಾ ತಗಿಯೂದಿಲ್ಲ,” ಎಂದೆ. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಕೈ ತೆಗೆದರೆ ಅವನನ್ನು ಬಿಟ್ಟಂತೆ ಎಂದು ನನಗೆ ಚಿಕ್ಕಂದಿನಿಂದ ಕಲಿಸಿದ್ದರು. ಇಟ್ಟರೆ ರೋಗ ಎಂದು ಈ ಪುಣ್ಯಾತ್ಗಿತ್ತಿ ಮೈಕಿನಲ್ಲಿ ಕೂಗುತ್ತಾಳೆ. ಎರಡೂ ನಿಜವಾದರೆ ಹೆಂಡತಿಯಾದವಳು ಎಲ್ಲಿ ಕೈ ಇಡಬೇಕು ಎಂದು ಕೇಳಿಯೇಬಿಡಬೇಕೆಂದು ನಾನು ದವಾಖಾನೆಗೆ ನಡೆದೆ.

ಸಿಸ್ಟರ್ ನನ್ನ ಮಾತನ್ನೆಲ್ಲ ಕೇಳಿಕೊಂಡರು. ಸುಳ್ಳಿನ ಗುಳ್ಳೆಯ ವಿಷಯವನ್ನು ಅವರಿಗೆ ಮೊದಲು ಹೇಳಿದವಳು ನಾನೇ. ನಂಬಲಿಲ್ಲ. ನಾನು, “ನಿಮ್ಮ ಕನ್ನಡಕ ನಿಮಗ ಭಾಳ ಚಂದ ಕಾಣತೈತ್ರಿ” ಎಂದು ಮುಂಗೈ ಚಾಚಿದೆ. ಎದ್ದಿತು. ಅವರು ಬಹಳ ಹೊತ್ತು ಅದನ್ನು ನೋಡಿದರು, ಬೆರಳಿಂದ ಮುಟ್ಟಲು ಹೋಗಿ ಹಿಂದೆ ತೆಗೆದರು.

“ಹಾಗಾದ್ರೆ ಶಾಲೆಯಲ್ಲಿ ಕೂರಿಸಿರೋರು?”

“ವ್ಯಾಪಾರಸ್ಥರ್ರಿ.”

“ಅಯ್ಯೋ ದೇವರೇ,” ಎಂದು ತಲೆಯ ಮೇಲೆ ಕೈ ಹೊತ್ತರು. ಆಮೇಲೆ ತಡವರಿಸುತ್ತಲೇ ಕೇಳಿದರು, “ಹಾಗಾದ್ರೆ ನಿಮ್ಮ ಯಜಮಾನರದ್ದು ಯಾವುದು ಅಂತ ನಾನು ಹೇಗೆ ಹೇಳ್ಲಿ? ನೀವೇ ಹೇಳಮ್ಮ, ಜ್ವರ ಮೊದಲು ಬಂತಾ, ಗುಳ್ಳೆ ಮೊದಲು ಬಂತಾ?”

“ಜ್ವರಾ ಮೊದಲ.”

“ಅಂಗೈಯಲ್ಲಿ ಇದೆಯಾ? ಗುಳ್ಳೆ ಗಟ್ಟಿಯಾಗಿದೆಯಾ? ನಡುವೆ ಒಂದು ಕುಳಿ?”

ಎಲ್ಲಕ್ಕೂ ಹೌದು ಎಂದೆ. ಎನ್ನುತ್ತ ಎನ್ನುತ್ತ ನನ್ನ ಎದೆಯ ಮೇಲಿನ ಭಾರ ಅರ್ಧ ಇಳಿಯಿತು. ಹಾಗಾದರೆ ಇವನು ಸುಳ್ಳನಲ್ಲ, ರೋಗಿ. ರೋಗ ಎಂದರೆ ಸಂತೋಷಪಟ್ಟ ಹೆಂಡತಿ ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು.

“ಇದು ಹ್ಯಾಂಗ ಬರತೈತ್ರಿ?” ಎಂದೆ.

“ರೋಗ ಇರೋರ ಮೈಗೆ ಮೈ ತಾಗಿದ್ರೆ ಬರುತ್ತೆ. ತೀರಾ ಹತ್ತಿರ ಇದ್ರೆ, ಒಟ್ಟಿಗೆ ಮಲಗಿದ್ರೆ.”

ಇಳಿದಿದ್ದ ಭಾರ ಎರಡರಷ್ಟಾಗಿ ಮೇಲೇರಿತು. “ಯಾರ ಜೋಡಿ ಮಲಗಿದ್ರ?”

“ನೋಡಮ್ಮ, ಹಾಸಿಗೆ ಬಟ್ಟೆಯಿಂದಲೂ ಬರುತ್ತೆ—”

“ಯಾರ ಹಾಸಿಗ್ಯಾಗಿಂದ್ರಿ?”

ಸಿಸ್ಟರ್ ನನ್ನ ಮುಖ ನೋಡಿದರು. ಆಮೇಲೆ ನಿಧಾನವಾಗಿ, “ಯಾರಿಂದ ಬಂತು ಅಂತ ನಾನೂ ಕೇಳ್ತೀನಿ. ಬೈಯೋಕಲ್ಲ. ಅವರಿಗೂ ಆರೈಕೆ ಬೇಕಾಗುತ್ತೆ ಅಂತ. ಯಾರಿಂದ ಬಂದ್ರೂ ನೋವು ಅಷ್ಟೇ ಇರುತ್ತೆ. ಅವರನ್ನ ಮುಟ್ಟಬೇಡಿ, ಬೇರೆ ಕೋಣೇಲಿ ಮಲಗಿಸಿ. ನೀವೂ ಸದ್ಯಕ್ಕೆ ಬಳೆ ಮಾರೋಕೆ ಹೋಗಬೇಡಿ, ಯಾರ ಕೈನೂ ಹಿಡೀಬೇಡಿ. ನಾಳೆ ಬಂದು ಗುಳ್ಳೆಯಿಂದ ಮಾದರಿ ತಗೊಂಡು ಪರೀಕ್ಷೆಗೆ ಕಳಿಸ್ತೀನಿ,” ಎಂದರು.

ನಾನು ತಿಳಿದುಕೊಳ್ಳಲು ಹೋದವಳು ಇನ್ನಷ್ಟು ಗೊಂದಲ ಹೊತ್ತುಕೊಂಡು ಮನೆಗೆ ಬಂದೆ. ರೋಗವೂ ಹೌದು, ಮೋಸವೂ ಹೌದು ಎನ್ನುವಂತಾಗಿತ್ತು. ಅವನು ಸುಳ್ಳು ಹೇಳಿರದಿದ್ದರೆ ರೋಗ. ರೋಗವೇ ಆದರೆ ಯಾರದೋ ಹಾಸಿಗೆ. ಯಾರದೋ ಹಾಸಿಗೆಯಾದರೆ ಸುಳ್ಳು. ಗಾದಿ ಹೊಲಿಯುವವನಿಗೆ ಊರಿನ ಹಾಸಿಗೆಗಳೆಲ್ಲ ಕೆಲಸವೇ ಎಂಬುದು ತಲೆಗೆ ಬಂದರೂ ಮನಸ್ಸಿಗೆ ಇಳಿಯಲಿಲ್ಲ.

ಮರುದಿನ ಸಿಸ್ಟರ್ ಬಾಯಿಗೆ ಮಾಸ್ಕು, ಕೈಗೆ ಗವಸು ಹಾಕಿಕೊಂಡು ಬಂದು ಮಾದರಿ ತೆಗೆದುಕೊಂಡು ಹೋದರು. ಕೈಗವಸು ನೋಡಿ ಓಣಿಯವರಿಗೆ ಎಲ್ಲಿಲ್ಲದ ಸಿಟ್ಟು. ಅಂಗೈಗೆ ರಬ್ಬರು ಹಾಕಿ ಮುಟ್ಟುವುದೆಂದರೆ ಉಗುಳಿದ್ದಕ್ಕಿಂತ ಕೀಳು ಎಂದರು. ಊರ ಹಿರಿಯ ಚನವೀರಜ್ಜ ಕೂಟ ಕರೆದ. ಇಷ್ಟು ದಿನವಾದರೂ ಸುಳ್ಳನ್ನು ಒಪ್ಪದವರನ್ನು ಊರ ಅಗಸಿಬಾಗಿಲ ಆಚೆ ಬಿಟ್ಟುಬರುವುದು ನಮ್ಮಲ್ಲಿ ನಡೆದುಬಂದದ್ದು. ಜ್ವರದ ಮನುಷ್ಯನನ್ನು ಆ ಬಯಲಿನಲ್ಲಿ ಬಿಟ್ಟರೆ ಏನಾಗುತ್ತದೆಂದು ಕೇಳುವವರಿಲ್ಲ. ನನಗೆ ಅವನ ಮೇಲೆ ಕೊಲ್ಲುವಷ್ಟು ಸಿಟ್ಟಿತ್ತು, ಅವನು ಸಾಯುತ್ತಾನೆ ಎಂದರೆ ಕರುಳು ಕಿತ್ತು ಬರುತ್ತಿತ್ತು.

ಸಿಸ್ಟರ್ ಊರವರ ಕಾಲಿಗೆ ಬೀಳುವುದೊಂದು ಬಾಕಿ. ಅವನನ್ನು ಗುಂಪಿನೊಳಗೆ ಕರೆತರಬೇಡಿ ಎಂದು ಬೇಡಿಕೊಂಡದ್ದಕ್ಕೆ ಕೂಟ ನಮ್ಮ ಮನೆಯ ಮುಂದೆಯೇ ಸೇರಿತು. ಅವನು ಕಟ್ಟೆಯ ಮೇಲಿನ ಹಗ್ಗದ ಹೊರಸಿನಲ್ಲಿ ಗೋಡೆಗೆ ಒರಗಿ ಕೂತ. ಜನ ಅಂಗಳದ ಆಚೆ ನಿಂತರು. ಬೆಳಗಿನ ಬಿಸಿಲು ನೇರ ಅವನ ಮುಖದ ಮೇಲಿತ್ತು, ಒಂದೊಂದು ಗುಳ್ಳೆಯೂ ಎಲ್ಲರಿಗೂ ಕಾಣುತ್ತಿತ್ತು. ಜನ ಚಿತ್ರದ ಮನುಷ್ಯನೇ ಎದ್ದು ಬಂದ ಎಂಬಂತೆ ನೋಡಿದರು.

“ತಮ್ಮಾ ಫಕೀರಪ್ಪ,” ಎಂದ ಚನವೀರಜ್ಜ, “ನಿನ್ನ ಹೊರಗ ಹಾಕೂದು ನನಗೂ ಸಂಕಟನ. ಒಂದ ಮಾತು ಒಪ್ಪಿಕೋ, ಬಗೀಹರೀತು.”

“ಒಪ್ಪಿಕೊಳ್ಳಾಕ ಏನೂ ಇಲ್ಲಜ್ಜಾ. ಇದು ಬ್ಯಾನಿ.”

“ಹೌದು, ಇದು ರೋಗ,” ಎಂದರು ಸಿಸ್ಟರ್. “ಪರೀಕ್ಷೆ ಫಲಿತಾಂಶ ಬರೋವರೆಗಾದ್ರೂ ಕಾಯಿರಿ.”

“ನಮ್ಮೂರಾಗ ಪರೀಕ್ಷಾ ಮಾಡಾಕ ಅಂಗೈ ಐತ್ರಿ ಸಿಸ್ಟರ್,” ಎಂದ ಅಜ್ಜ. “ನಿಂಬವ್ವಾ, ಎಲ್ಲಾರ ಎದುರಿಗೆ ಒಮ್ಮೆ ಇಡು. ಹೇಳ್ಲಿ. ಇಳದ್ರ ಇಳೀತು.”

ನಾನು ಕಟ್ಟೆ ಹತ್ತಿದೆ. “ಬೇಡಮ್ಮ, ಮುಟ್ಟಬೇಡಿ!” ಎಂದು ಸಿಸ್ಟರ್ ಕೂಗಿದರು. ಅವನು ಹೊರಸಿನ ತುದಿಗೆ ಸರಿದ, ಸರಿಯಲು ಇನ್ನು ಜಾಗವಿರಲಿಲ್ಲ. “ಬ್ಯಾಡ ನಿಂಬೀ. ಕೈ ತಗಿ,” ಎಂದ, ಬಹಳ ಸಣ್ಣ ದನಿಯಲ್ಲಿ. ನಾನು ಕೇಳಲಿಲ್ಲ. ಕೈ ಚಾಚಿದೆ. ಅವನ ಕುತ್ತಿಗೆಗೂ ನನ್ನ ಅಂಗೈಗೂ ನಡುವೆ ಒಂದು ಗೇಣು ಇದ್ದಿರಬೇಕು, ಅವನು ನನ್ನ ಕಣ್ಣಲ್ಲಿ ಕಣ್ಣಿಟ್ಟು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದ.

“ಹೌದು. ಬಂದರಿನ್ಯಾಗ ಒಬ್ಬಾಕಿ ಇದ್ಳು. ಆಕಿ ಜೋಡಿ ಇದ್ದೆ. ಸಾಕಾ?”

ಬಿಸಿ ಹಂಚು ಮುಟ್ಟಿದವಳಂತೆ ನನ್ನ ಕೈ ಹಿಂದೆ ಬಂತು. ನಾನು ಕಟ್ಟೆಯಿಂದ ಇಳಿದೆನೋ ಬಿದ್ದೆನೋ ನೆನಪಿಲ್ಲ. ಜನರೆಲ್ಲ ಒಮ್ಮೆಗೇ ಉಸಿರು ಬಿಟ್ಟರು. ಆಗ ಗುಂಪಿನಲ್ಲಿ ಯಾರೋ “ಹಣಿ ನೋಡ್ರಿ, ಹಣಿ ನೋಡ್ರಿ” ಎಂದರು. ಅವನ ಹಣೆಯ ನಟ್ಟನಡುವೆ, ಎಲ್ಲರ ಕಣ್ಣೆದುರು, ಒಂದು ಹೊಸ ಗುಳ್ಳೆ ಏಳುತ್ತಿತ್ತು. ದುಂಡಗೆ, ನುಣ್ಣಗೆ, ತಿಳಿಗುಲಾಬಿ ಬಣ್ಣದಲ್ಲಿ ಕಡಲೆಯಷ್ಟಾಗಿ ನಿಂತಿತು. ಸುತ್ತಲಿನ ಗುಳ್ಳೆಗಳು ಗಟ್ಟಿಯಾಗಿ, ನಡುವೆ ಕುಳಿಬಿದ್ದು, ಕೀವು ತುಂಬಿಕೊಂಡಿದ್ದವು. ಅದಕ್ಕೂ ಇವಕ್ಕೂ ಯಾವ ಸಂಬಂಧವೂ ಇಲ್ಲ ಎಂದು ಕಣ್ಣಿದ್ದವರಿಗೆಲ್ಲ ಕಂಡಿತು.

ಚನವೀರಜ್ಜ ಬಾಯಿ ತೆರೆದವನು ಹಾಗೇ ನಿಂತ. “ಒಪ್ಪಿಕೊಂಡ ಮ್ಯಾಲ ಗುಳ್ಳಿ ಇಳೀಬೇಕು. ಇದೇನು, ಏರಿತಲ್ಲಾ?”

“ಈಗ ಹೇಳಿದ್ದು ಸುಳ್ಳು, ಅದಕ್ಕೇ!” ಎಂದು ಸಿಸ್ಟರ್ ಮುಂದೆ ಬಂದರು. ಅಂಗಳದ ಅಂಚಿನಲ್ಲೇ ನಿಂತು ಬೆರಳು ತೋರಿಸಿ ತೋರಿಸಿ ಹೇಳಿದರು. “ನೋಡಿ, ಹಣೆ ಮೇಲಿರೋದು ನಿಮ್ಮೂರಿನ ಗುಳ್ಳೆ. ಮಾತಾಡಿದ ಕೂಡಲೇ ಎದ್ದಿತು, ಜ್ವರ ಬರಿಸಿಕೊಂಡು ಬರಲಿಲ್ಲ. ಮಿಕ್ಕಿದ್ದೆಲ್ಲ ರೋಗ. ಅಂಗೈ ತೋರಿಸಿ ಫಕೀರಪ್ಪನವರೇ. ನಿಮ್ಮಲ್ಲಿ ಯಾರಿಗಾದ್ರೂ ಸುಳ್ಳು ಹೇಳಿ ಅಂಗೈಯಲ್ಲಿ ಎದ್ದಿದೆಯಾ ಯಾವತ್ತಾದ್ರೂ?” ಯಾರಿಗೂ ಎದ್ದಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. ಅವತ್ತು ನಮ್ಮೂರು ಪಾಠ ಕಲಿಯಿತು. ಚನವೀರಜ್ಜ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಊರ ಹೊರಗೆ ಹಾಕುವ ಮಾತಿಲ್ಲ ಎಂದು ಹೇಳಿ ಕೂಟ ಮುಗಿಸಿದ. ಸಾಲೆಯಲ್ಲಿದ್ದ ವ್ಯಾಪಾರಿಗಳೂ ಅಂದೇ ಮನೆಗೆ ಹೋದರು.

ನನಗೂ ಅಳು ನಗು ಒಟ್ಟಿಗೇ ಬಂದಿತ್ತು. ಸುಳ್ಳು! ಒಬ್ಬಾಕಿ ಇದ್ದಳು ಎಂಬುದು ಸುಳ್ಳು! ಇಷ್ಟು ಸಂತೋಷ ಒಂದು ಗಳಿಗೆಯಾದರೂ ನಿಲ್ಲಬೇಕಿತ್ತು. ಗಂಗಮಾಳವ್ವ ಬಿಡಬೇಕಲ್ಲ. ಪಕ್ಕದಲ್ಲಿ ಬಂದು ನಿಂತು ಕಿವಿಯಲ್ಲಿ ಹೇಳಿದಳು.

“ಸುಳ್ಳ ಅನ್ನೂದು ಖರೇ ಐತಿ. ಆದ್ರ ಯಾವುದು ಸುಳ್ಳು? ಒಬ್ಬಾಕಿ ಅಂದದ್ದು ಸುಳ್ಳಿರಬೇಕವಾ. ಇಬ್ಬರಿದ್ದಿರಬೇಕು.”

ಆಕೆಯ ಬಾಯಿಗೆ ಮಣ್ಣು ಹಾಕ! ಆ ಮಾತು ನನ್ನ ತಲೆಯೊಳಗೆ ಹೊಕ್ಕಿತು, ಹೊರಗೆ ಹೋಗಲಿಲ್ಲ. ಸುಳ್ಳು ಹೇಳಿದ್ದಾದರೂ ಯಾಕೆ? ಮಾಡದ್ದನ್ನು ಮಾಡಿದೆ ಎಂದು ಯಾವ ಗಂಡಸು ಹೆಂಡತಿಯ ಎದುರು ಹೇಳುತ್ತಾನೆ? ಅಗಸಿ ದಾಟಿಸುತ್ತಾರೆಂಬ ಹೆದರಿಕೆಗೆ ಹೇಳಿದನೇ? ಹಾಗೆ ಹೆದರುವ ಮನುಷ್ಯ ಅವನಲ್ಲ. ಅಂಗೈ ಇಟ್ಟು ಕೇಳಿದರೆ ಒಂದೇ ಮಾತಿಗೆ ಬಗೆಹರಿಯುತ್ತದೆ. ಇಡುವ ಹಾಗಿಲ್ಲ. ಹಿಂದಿನ ಕೋಣೆಯಲ್ಲಿ ಅವನನ್ನು ಮಲಗಿಸಿ, ಹಕ್ಕಳೆ ಎಲ್ಲ ಉದುರಿ ಕೆಳಗೆ ಹೊಸ ಚರ್ಮ ಬರುವವರೆಗೆ ಯಾರೂ ಮುಟ್ಟಬಾರದು ಎಂದು ಸಿಸ್ಟರ್ ಹೇಳಿ ಹೋಗಿದ್ದರು.

ನಾನು ಕಿಟಕಿಯಲ್ಲಿ ತಾಟು ಇಟ್ಟು ದೂರ ಸರಿಯುತ್ತಿದ್ದೆ, ಅವನು ತೆಗೆದುಕೊಳ್ಳುತ್ತಿದ್ದ. ಅವನ ಬಟ್ಟೆ, ಹೊದಿಕೆಯನ್ನು ಬೇರೆಯಾಗಿಯೇ ಬಿಸಿನೀರಲ್ಲಿ ಒಗೆಯುತ್ತಿದ್ದೆ, ಕೈಗೆ ಸಿಸ್ಟರ್ ಕೊಟ್ಟ ಗವಸು, ಬಾಯಿಗೆ ಬಟ್ಟೆ. ಬಾಯೊಳಗೂ ಹುಣ್ಣಾಗಿ ಅವನಿಗೆ ಮಾತಾಡಲು ಆಗುತ್ತಿರಲಿಲ್ಲ. ಆಗುವ ಹೊತ್ತಿಗೆ ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಹೇಳುತ್ತಾನೆ. ಹೇಳಿದಾಗ ಹಣೆಯ ಮೇಲೆ ಎರಡನೆಯದು ಎದ್ದರೆ? ಪರೀಕ್ಷೆಯ ಫಲಿತಾಂಶ ಬಂತು, ಎಂಪಾಕ್ಸೇ ಎಂದು. ಅದು ಯಾವ ಹಾಸಿಗೆಯಿಂದ ಬಂತು ಎಂದು ಅದರಲ್ಲಿ ಬರೆದಿರಲಿಲ್ಲ. ದಿನಾ ಬೆಳಿಗ್ಗೆ ನನ್ನ ಮೈಯನ್ನೂ ನೋಡಿಕೊಳ್ಳುತ್ತಿದ್ದೆ, ಸಿಸ್ಟರ್ ಬಂದು ಜ್ವರ ನೋಡುತ್ತಿದ್ದರು. ನನಗೆ ಬರಲಿಲ್ಲ. ಅಷ್ಟು ದಿನ ಅಂಗೈ ಒತ್ತಿಯೂ ಹೇಗೆ ಬರಲಿಲ್ಲ ಎಂದು ಕೇಳಿದ್ದಕ್ಕೆ, “ನಿಮ್ಮ ಅದೃಷ್ಟ, ಇನ್ನೊಂದು ಸಲ ಪರೀಕ್ಷೆ ಮಾಡಬೇಡಿ” ಎಂದು ಬೈದರು.

ಊರೂ ಆ ದಿನಗಳಲ್ಲಿ ವಿಚಿತ್ರವಾಗಿತ್ತು. ಯಾವ ಗುಳ್ಳೆ ಯಾವುದೋ ಎಂದು ಯಾರೂ ಯಾರನ್ನೂ ಮುಟ್ಟಲಿಲ್ಲ. 'ಮುಟ್ಟದೆ ಮಾತಾಡಿ, ಜ್ವರ ಬಂದರೆ ಮುಚ್ಚಿಡಬೇಡಿ' ಎಂದು ಚನವೀರಜ್ಜನೇ ಆಟೋದಲ್ಲಿ ಕೂತು ಕೂಗಿದ. ಅಂಗೈ ಇಡುವವರಿಲ್ಲದೆ ಸುಳ್ಳುಗಳೆಲ್ಲ ಮೈಮೇಲೇ ಉಳಿದವು. ಎಷ್ಟೆಂದು ಮುಚ್ಚಿಕೊಳ್ಳುತ್ತಾರೆ? ಜನ ಟವೆಲ್ ತೆಗೆದಿಟ್ಟು ಮುಖದ ಮೇಲೆ ಸುಳ್ಳು ಹೊತ್ತುಕೊಂಡೇ ಪೇಟೆಗೆ ಬಂದರು, ವ್ಯಾಪಾರ ನಡೆಯಿತು. ಗೌಡರ ಓಣಿಯ ಒಬ್ಬ ಹುಡುಗಿಗೆ ಜ್ವರ ಬಂದು ಅಂಗೈಯಲ್ಲಿ ಗುಳ್ಳೆ ಕಂಡಾಗ ಅವಳ ಅಪ್ಪ ಅವಳನ್ನು ಬೈಯದೆ, ಮುಟ್ಟದೆ, ನೇರ ದವಾಖಾನೆಗೆ ಸುದ್ದಿ ಕಳಿಸಿದ. ಪರೀಕ್ಷೆಯಲ್ಲಿ ಅದು ಬರೀ ಸೀತಾಳೆ ಸಿಡುಬು ಎಂದು ಗೊತ್ತಾಯಿತು. ಸಿಸ್ಟರ್ ಅವತ್ತು ನಮ್ಮ ಮನೆಯಲ್ಲಿ ಕೂತು ಎರಡು ಲೋಟ ಚಹಾ ಕುಡಿದರು.

ಕೊನೆಗೆ ಹಕ್ಕಳೆಗಳೆಲ್ಲ ಉದುರಿದವು. ಸಿಸ್ಟರ್ ಅವನ ಅಂಗೈ, ಅಂಗಾಲು, ಬೆನ್ನು ಎಲ್ಲ ನೋಡಿ, “ಮುಗೀತು. ಇನ್ನು ಮುಟ್ಟಬಹುದು” ಎಂದು ನನಗೆ ಹೇಳಿ ಹೊರಟುಹೋದರು. ಅವನು ಸ್ನಾನ ಮಾಡಿ, ಒಗೆದ ಧೋತರ ಉಟ್ಟು ಹೊರಗಿನ ಕಟ್ಟೆಯ ಮೇಲೆ ಕೂತ. ಬಹಳ ಇಳಿದುಹೋಗಿದ್ದ. ಮೈಮೇಲೆ ಮಾಸಲು ಕಲೆಗಳು. ಹಣೆಯ ನಡುವೆ ಮಾತ್ರ ಆ ತಿಳಿಗುಲಾಬಿ ಗುಳ್ಳೆ, ಎದ್ದ ದಿನ ಹೇಗಿತ್ತೋ ಹಾಗೇ.

ನಾನು ಎದುರಿಗೆ ಕೂತೆ. ಇಷ್ಟು ದಿನ ಕಾದಿದ್ದ ಗಳಿಗೆ ಬಂದಾಗ ಕೈ ಏಳಲೊಲ್ಲದು. ಇಬ್ಬರು ಎಂದುಬಿಟ್ಟರೆ ನಾನು ಏನು ಮಾಡಲಿ? ತವರಿಗೆ ಹೋಗಲೇ? ಈ ಮೂಳೆಚಕ್ಕಳದ ಮನುಷ್ಯನಿಗೆ ಗಂಜಿ ಕಾಸುವವರು ಯಾರು? ಗಂಗಮಾಳವ್ವ ತನ್ನ ಅಂಗಳದಲ್ಲಿ ಗುಡಿಸಿದಲ್ಲೇ ಗುಡಿಸುತ್ತಿದ್ದಳು. ನಾನು ಕಣ್ಣು ಮುಚ್ಚಿ ಅವನ ಹಣೆಯ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ಜ್ವರವಿಲ್ಲದ ಅವನ ಹಣೆ ಹೇಗಿರುತ್ತದೆಂದು ನಾನು ಮರೆತೇಬಿಟ್ಟಿದ್ದೆ.

“ಎಷ್ಟ ಮಂದಿ ಇದ್ರು?” ಎಂದೆ.

“ಯಾರೂ ಇದ್ದಿಲ್ಲ ನಿಂಬೀ. ಒಬ್ಬಾಕೀನೂ ಇದ್ದಿಲ್ಲ. ಜಡ್ಡಾದ ಮನಷ್ಯಾ ಮಲಗಿದ್ದ ಗಾದಿ ಒಂದು ಬಿಚ್ಚಿದ್ದೆ.”

“ಮತ್ಯಾಕ ಹಂಗಂದ್ರಿ? ಇಡೀ ಊರಿನ ಎದುರಿಗೆ?”

“ಎಷ್ಟ ಹೇಳಿದ್ರೂ ನೀ ಕೈ ತಗೀಲಿಲ್ಲಲ್ಲ,” ಎಂದ. “ನಿನಗೂ ಬರತಿತ್ತು. ಬ್ಯಾರೆ ಏನ ಅಂದಿದ್ರ ನೀ ಕೈ ತಗಿತಿದ್ದಿ, ನೀನ ಹೇಳು.”

ಅಂಗೈ ಕೆಳಗೆ ಗುಳ್ಳೆ ಇಳಿಯಿತು. ಮೆಲ್ಲಗೆ ಇಳಿದು ಹಣೆ ಸಪಾಟಾದದ್ದು ನನಗೆ ತಿಳಿಯಿತು. “ಇಷ್ಟ ದಿನಾ ನನ್ನ ಸುಟ್ಟು ಬೂದಿ ಮಾಡಿದ್ರಲ್ಲಾ, ನಿಮಗ ಬುದ್ಧಿ ಐತೇನು, ನಿಮ್ಮ ಜೋಡಿ ಬಾಳೇ ಮಾಡೂದ ಬ್ಯಾಡಾಗೈತಿ ನನಗ” ಎಂದು ಬಾಯಿಗೆ ಬಂದಂತೆ ಬೈಯುತ್ತ ಅತ್ತೆ. ಬಾಳುವೆ ಬೇಡ ಎಂದದ್ದಕ್ಕೆ ನನ್ನ ಕೆನ್ನೆಯ ಮೇಲೆ ಒಂದು ಎದ್ದಿತು. ದೊಡ್ಡದೇ ಎದ್ದಿತು. ಅವನು ಕೈ ಚಾಚಿ, ಕಲೆ ಬಿದ್ದ ಅಂಗೈಯನ್ನು ಅದರ ಮೇಲಿಟ್ಟ.